ಅಂಬಿಗನ ಕೆಲಸ ಮುಗಿಯುವುದು ಎಲ್ಲಿ?

'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?' ಈ ಗಾದೆಯನ್ನು ನಾವು ಆಡುವುದು ಯಾವಾಗಲೂ ದಾಟಿಹೋದವನನ್ನು ಹಳಿಯಲಿಕ್ಕೆ. ನೌಕರಿ ಸಿಕ್ಕ ಮೇಲೆ ಮಾಸ್ತರರ ಗುರುತು ಮರೆತವ, ಗೆದ್ದ ಮೇಲೆ ಊರ ಕಡೆ ತಲೆ ಹಾಕದ ಪುಢಾರಿ, ಕೈಗಡ ತೀರಿದ ಮೇಲೆ ಬೇರೆ ದಾರಿ ಹಿಡಿದು ನಡೆಯುವ ನೆಂಟ, ಎಲ್ಲರಿಗೂ ಇದೊಂದೇ ಮಾತು. ಅಂಬಿಗ ಮಾತ್ರ ಗಾದೆಯೊಳಗೆ ಸದಾ ಸಭ್ಯ. ಅವನ ಕೆಲಸ ಎಲ್ಲಿಗೆ ಮುಗಿಯಿತು, ದಡ ಬಂತೆಂದು ತೀರ್ಮಾನಿಸಿದ್ದು ಯಾರು ಎಂದು ಯಾರೂ ಕೇಳಿದ್ದಿಲ್ಲ.

ಕಾರವಾರ, ಅಂಕೋಲೆಯವರು ಕೇಳಬಹುದು. ಸೇತುವೆ ಬರುವ ಮೊದಲು ಕೋಡಿಬಾಗದಿಂದ ಸದಾಶಿವಗಡಕ್ಕೆ ಕಾಳಿ ನದಿಯನ್ನು ತಾರಿಯಲ್ಲೇ ದಾಟಬೇಕಿತ್ತು. ಅಂಕೋಲೆಯ ಮಂಜಗುಣಿಯವರು ಗಂಗಾವಳಿಯ ಆಚೆ ದಂಡೆಗೆ ದೋಣಿ, ಬಾರ್ಜು ನಂಬಿಕೊಂಡಿದ್ದ ಕಾಲವಂತೂ ತೀರಾ ಹಳೆಯದಲ್ಲ. ತಾರಿಯಲ್ಲಿ ಓಡಾಡಿದವರಿಗೆ ಗೊತ್ತಿರುವ ಸಂಗತಿಯೊಂದಿದೆ: ಪಜೀತಿ ನಡುಹೊಳೆಯಲ್ಲಲ್ಲ. ಸಮುದ್ರ ಇಳಿತದಲ್ಲಿದ್ದಾಗ ದೋಣಿ ದಡದ ತನಕ ಬರುವುದೇ ಇಲ್ಲ, ನಾಲ್ಕು ಮಾರು ಈಚೆಗೇ ತಳ ಕಚ್ಚಿ ನಿಲ್ಲುತ್ತದೆ. ಅಲ್ಲಿಂದ ಮೊಣಕಾಲು ಮಟ್ಟದ ರಾಡಿ, ಅದರೊಳಗೆ ಕಾಲು ಕೊಯ್ಯುವ ಬಳಚಿನ ಚಿಪ್ಪು. ಚಪ್ಪಲಿ ಒಂದು ಕೈಯಲ್ಲಿ, ಸಂತೆ ಚೀಲ ಇನ್ನೊಂದರಲ್ಲಿ. ಕೆಲವು ಅಂಬಿಗರು ಹುಟ್ಟು ಬದಿಗಿಟ್ಟು ತಾವೂ ನೀರಿಗಿಳಿದು ಮುದುಕಿಯ ಕೈ ಹಿಡಿಯುತ್ತಾರೆ. ಕೆಲವರು 'ಬಂತಲ್ಲ, ಇಳೀರಿ' ಎಂದು ಬೀಡಿ ಹಚ್ಚುತ್ತಾರೆ.

ಬಾಲಮಂದಿರಗಳಲ್ಲಿ, ಅನಾಥಾಶ್ರಮಗಳಲ್ಲಿ ಬೆಳೆದ ಹುಡುಗ ಹುಡುಗಿಯರ ಪಾಲಿಗೆ ಸರ್ಕಾರವೂ ಸಮಾಜವೂ ಸೇರಿ ಅಂಬಿಗ. ದಡ ಎಲ್ಲಿದೆ ಎಂಬುದನ್ನು ಕ್ಯಾಲೆಂಡರ್ ಹೇಳುತ್ತದೆ: 18 ತುಂಬಿದ ದಿನ. ನಿನ್ನೆಯ ತನಕ ಮಗು. ಇವತ್ತಿನಿಂದ ಮಂಚ ಖಾಲಿ ಮಾಡಬೇಕಾದ ದೊಡ್ಡವ. ಮನೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ 18 ಆದರೆ ಬದಲಾಗುವುದು ಲೈಸೆನ್ಸು ಮತ್ತು ಓಟು, ಅಷ್ಟೇ. ಇಪ್ಪತ್ತೈದಾದರೂ ಅವ್ವ ಬಡಿಸಿದ ಗಂಜಿ ಉಣ್ಣುತ್ತ ಉಪ್ಪು ಕಮ್ಮಿ ಎನ್ನುವ ಗಂಡಸರು ಪ್ರತಿ ಓಣಿಯಲ್ಲೂ ಇದ್ದಾರೆ. ಅವರನ್ನು ಯಾರೂ ದಡಕ್ಕೆ ತಳ್ಳುವುದಿಲ್ಲ.

ಕಾನೂನಿಗೆ ಈ ರಾಡಿ ಕಂಡಿಲ್ಲ ಎನ್ನುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 46ನೆಯ ಕಲಂ ಸಂಸ್ಥೆ ಬಿಡುವ ಮಕ್ಕಳಿಗೆ ಹಣದ ನೆರವು ಕೊಡಬಹುದು ಎನ್ನುತ್ತದೆ. 'ಅನುಪಾಲನೆ' ಎಂಬ ಈ ಏರ್ಪಾಡು 21ರ ತನಕ; 2016ರ ಮಾದರಿ ನಿಯಮಗಳು ವಿಶೇಷ ಸಂದರ್ಭದಲ್ಲಿ ಅದನ್ನು 23ಕ್ಕೆ ಚಾಚುತ್ತವೆ. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ಎಂದು ಬರೆದಿದೆ. ಆದರೆ 'ಕೊಡಬಹುದು' ಎಂದಷ್ಟೇ ಕಾಯ್ದೆ, 'ಕೊಡಲೇಬೇಕು' ಎಂದಲ್ಲ. ಬೀಡಿ ಹಚ್ಚುವ ಅಂಬಿಗನಿಗೆ ಇಷ್ಟು ಸಾಕು.

ಬ್ರಿಟಿಷರ ಕಾಲದ ಕಾಯ್ದೆಯೊಂದನ್ನು ಇಲ್ಲಿ ಹೇಳಬೇಕು. 1850ರ ಅಪ್ರೆಂಟಿಸ್ ಕಾಯ್ದೆ ಹುಟ್ಟಿದ್ದೇ ಅನಾಥರನ್ನೂ ಧರ್ಮಾರ್ಥದಲ್ಲಿ ಬೆಳೆದ ಬಡಮಕ್ಕಳನ್ನೂ ಮುಖ್ಯವಾಗಿ ಕಣ್ಣಮುಂದೆ ಇಟ್ಟುಕೊಂಡು. 10ರಿಂದ 18ರೊಳಗಿನ ಮಗುವನ್ನು ಕಸುಬು ಕಲಿಯಲು ಯಜಮಾನನೊಬ್ಬನಿಗೆ ಕರಾರಿನಲ್ಲಿ ಒಪ್ಪಿಸಬಹುದಿತ್ತು, ಹಡಗಿನ ಚಾಕರಿಗೆ ಕೂಡ. ಅದರಲ್ಲಿ ಜೀತದ ವಾಸನೆ ಇತ್ತು, ಅನುಮಾನವಿಲ್ಲ. ಆದರೂ ಪ್ರಾಯಕ್ಕೆ ಬಂದವನ ಕೈಯಲ್ಲಿ ಏನಿರಬೇಕು ಎಂಬ ಪ್ರಶ್ನೆ ಅದಕ್ಕೆ ಹೊಳೆದಿತ್ತು.

ಈಗಿನ ರಾಡಿ ಕಾಗದದ್ದು. ಕಾರವಾರದಲ್ಲಿ ಬಾಡಿಗೆ ಕೋಣೆ ಕೇಳಲು ಹೋದರೆ ಮನೆಯೊಡತಿಯ ಮೊದಲ ಪ್ರಶ್ನೆ ಡಿಪಾಸಿಟ್ಟಿನದ್ದಲ್ಲ, 'ಯಾರ ಪೈಕಿ ಆಯ್ತು?' ಎಂಬುದು. ಊರು, ಮನೆತನ, ಜಾತಿ, ಕುಳದೇವರು ಎಲ್ಲವನ್ನೂ ಒಂದೇ ಉಸಿರಲ್ಲಿ ಕೇಳಿಬಿಡುವ ಪ್ರಶ್ನೆ ಅದು. ಅರ್ಜಿಯಲ್ಲಿ ಖಾಯಂ ವಿಳಾಸ ಎಂದಿರುವಲ್ಲಿ ಬಿಟ್ಟುಬಂದ ಸಂಸ್ಥೆಯ ವಿಳಾಸ. ಬ್ಯಾಂಕಿನಲ್ಲಿ ನಾಮಿನಿ ಯಾರು? ಅಪೆಂಡಿಕ್ಸ್ ಆಪರೇಷನ್ನಿಗೆ ಸಂಬಂಧಿಕರ ಸಹಿ ಯಾರದ್ದು? ತಂದೆ ಯಾರೆಂದೇ ತಿಳಿಯದವನಿಗೆ ಜಾತಿ ಪ್ರಮಾಣಪತ್ರ ಕೊಡುವವರಾರು? ಮಹಾರಾಷ್ಟ್ರ 2018ರಲ್ಲಿ ಅನಾಥರಿಗೆಂದೇ ಶೇ 1ರ ಮೀಸಲಾತಿ ತಂದಿತು. ಕಾಳಿ ದಾಟಿ, ಗೋವೆ ದಾಟಿದರೆ ಸಿಗುವ ರಾಜ್ಯ ಅದು.

ಗೋವೆಯ ಮಾತು ಬಂತಲ್ಲ. ನಮ್ಮ ಕಡೆಯ ಎಷ್ಟೋ ಹುಡುಗರು ಕೆಲಸ ಹುಡುಕಿಕೊಂಡು ಹೋಗುವುದು ಅಲ್ಲಿಗೇ. ಹೋಟೆಲಿನಲ್ಲಿ ಕೆಲಸ, ಅಲ್ಲೇ ಕೋಣೆ, ಅಲ್ಲೇ ಊಟ. ಮಳೆಗಾಲದಲ್ಲಿ ಪ್ರವಾಸಿಗರು ಕಮ್ಮಿಯಾಗಿ ಆಳು ಇಳಿಸುತ್ತಾರೆ. ಆಗ ಅಂಕೋಲೆಯ ಹುಡುಗ ಬಸ್ಸು ಹತ್ತಿ ಮನೆಗೆ ಬಂದು, ಎರಡು ತಿಂಗಳು ಅಪ್ಪನ ಬೈಗುಳ ತಿಂದು, ಒಣಮೀನು ಸಾರು ಉಂಡು, ಮತ್ತೆ ಹೋಗುತ್ತಾನೆ. ಸಂಸ್ಥೆಯಲ್ಲಿ ಬೆಳೆದವನಿಗೆ ಕೆಲಸ ಹೋದ ದಿನವೇ ಕೋಣೆಯೂ ಹೋಯಿತು, ಊಟವೂ ಹೋಯಿತು. ಬೈಯುವ ಅಪ್ಪನೂ ಇಲ್ಲ.

ಹೊಳೆಯನ್ನು ಒಮ್ಮೆ ದಾಟಿದರೆ ಆಯಿತು ಎಂದು ನಂಬಿರುವುದೇ ಈ ಗಾದೆಯ ಕೊರತೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ನಾಲ್ಕು ದಶಕ ಹೆದ್ದಾರಿಯನ್ನೇ ಹೊತ್ತ ಸೇತುವೆ ಅದು; ತಾರಿಯವರನ್ನು ಊರು ಎಂದೋ ಮರೆತಿತ್ತು. ಆ ರಾತ್ರಿ ಚಾಲಕನನ್ನು ಜೀವಂತ ಮೇಲೆತ್ತಲು ಪೊಲೀಸರ ಜತೆ ನೀರಿಗಿಳಿದವರು ಸ್ಥಳೀಯ ಮೀನುಗಾರರು. ದೋಣಿಯವರ ಹಂಗು ಮುಗಿದೇ ಹೋಯಿತೆಂದು ಕಾರವಾರದಲ್ಲಿ ಇನ್ನು ಯಾರೂ ಹೇಳಲಾರರು.

ಗಾದೆ ದಾಟಿದವನನ್ನು ಕೃತಘ್ನ ಎನ್ನುತ್ತದಲ್ಲ, ಅಲ್ಲಿ ನನ್ನ ತಕರಾರಿದೆ. ಸಂಸ್ಥೆಯ ಮಗು ಬುದ್ಧಿ ಬಂದಾಗಿನಿಂದ ಹಂಗಿನಲ್ಲೇ ಉಂಡಿದೆ. ಯಾರದ್ದೋ ಹುಟ್ಟುಹಬ್ಬಕ್ಕೆ ಬಂದ ಹೋಳಿಗೆಗೆ ಚಪ್ಪಾಳೆ ತಟ್ಟಿದೆ, ಯಾರದ್ದೋ ಶ್ರಾದ್ಧದ ದಿನ ಹಂಚಿದ ನೋಟ್‌ಬುಕ್ಕು ಹಿಡಿದು ಫೋಟೋಕ್ಕೆ ನಿಂತಿದೆ. ಅಷ್ಟೆಲ್ಲ ಥ್ಯಾಂಕ್ಸ್ ಹೇಳಿ ಮುಗಿಸಿದವ ದೊಡ್ಡವನಾದ ಮೇಲೆ ಆ ಗೇಟಿನ ಕಡೆ ತಿರುಗಿ ನೋಡದಿದ್ದರೆ ಅದು ಸೊಕ್ಕಲ್ಲ. ಅಕ್ಕೋರೊಬ್ಬರಿಗೆ ಅಪರೂಪಕ್ಕೆ ಫೋನು ಮಾಡುತ್ತಾನೆ, ಸಾಕು. ಅಂಬಿಗನನ್ನು ಮರೆಯುವ ಹಕ್ಕು ಅವನಿಗಿದೆ. ಅವನನ್ನು ಮರೆಯುವ ಹಕ್ಕು ಅಂಬಿಗನಿಗಿಲ್ಲ.

ನಾವು ಇವರ ದಾಟುವಿಕೆಯನ್ನು ಸಂಭ್ರಮಿಸುವುದೇ ಇಲ್ಲವೇ? ಒಂದೇ ಒಂದು ಸಂದರ್ಭದಲ್ಲಿ ಉಂಟು, ಮದುವೆಯಲ್ಲಿ. ದಾವಣಗೆರೆಯ ರಾಜ್ಯ ಮಹಿಳಾ ನಿಲಯದಲ್ಲಿ ಜಿಲ್ಲಾಧಿಕಾರಿಗಳೇ ಹೆಣ್ಣಿನ ಕಡೆಯವರಾಗಿ ನಿಂತು ಮಾಡಿಸಿದ ಮದುವೆಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ವರ ಎಷ್ಟೋ ಸಲ ನಮ್ಮ ಜಿಲ್ಲೆಯವನೇ. ಘಟ್ಟದ ಮೇಲಿನ ಅಡಿಕೆ ತೋಟದ ಮನೆಗಳಿಗೆ ಹೆಣ್ಣು ಸಿಗುತ್ತಿಲ್ಲ. ಚಪ್ಪರ, ತೋರಣ, ಅಧಿಕಾರಿಗಳ ಕಣ್ಣಲ್ಲಿ ನೀರು. ನನಗೆ ಇದನ್ನು ಗೇಲಿ ಮಾಡುವ ಮನಸ್ಸಿಲ್ಲ, ಚೆಂದವೇ ಅದು. ಆದರೆ ನರ್ಸಿಂಗ್ ಮುಗಿಸಿ ಮೊದಲ ಸಂಬಳ ತಂದ ಹುಡುಗಿಗೆ ಚಪ್ಪರವಿಲ್ಲ, ಐಟಿಐ ಪಾಸಾದ ಹುಡುಗನಿಗೆ ತೋರಣವಿಲ್ಲ. ಇನ್ನೂ ಮುಂದಿನ ಪ್ರಶ್ನೆ: ಮದುವೆಯಾಗಿ ಹೋದವಳಿಗೆ ಪಂಚಮಿಗೆ ಕರೆಯಲು ಅಣ್ಣ ಬರುವುದು ಎಲ್ಲಿಂದ, ಚೊಚ್ಚಲ ಬಾಣಂತನ ಯಾವ ಮನೆಯಲ್ಲಿ? ಧಾರೆ ಎರೆದ ಸಾಹೇಬರು ಅಷ್ಟರಲ್ಲಿ ವರ್ಗವಾಗಿರುತ್ತಾರೆ.

ಬ್ರಿಟನ್ನಿನಲ್ಲಿ ಅಕ್ಟೋಬರ್ ಕೊನೆಯ ವಾರವನ್ನು ಸರ್ಕಾರದ ಪಾಲನೆಯಿಂದ ಹೊರಬಂದವರ ಹೆಸರಿನಲ್ಲಿ ಆಚರಿಸುವ ರೂಢಿ ಇತ್ತು. ವಾರ ಮುಖ್ಯವಲ್ಲ. ಇಂಗ್ಲೆಂಡಿನಲ್ಲಿ 2017ರ ಕಾಯ್ದೆ ಪ್ರತಿಯೊಬ್ಬರಿಗೂ 25 ತುಂಬುವ ತನಕ ಬೇಕೆಂದಾಗ ಕೇಳಲು ಒಬ್ಬ ಸಲಹೆಗಾರನನ್ನು ಕೊಟ್ಟಿತಲ್ಲ, ಅದು ಮುಖ್ಯ. ಯೋಜನೆಯಲ್ಲ, ಒಬ್ಬ ಮನುಷ್ಯ. ನಮ್ಮ ನಿಯಮಗಳಲ್ಲಿ ಮುಂದಿನ ಬದುಕಿನ ಯೋಜನೆ ತಯಾರಾಗಬೇಕಾದ್ದು ಮಗು ಹೊರಡುವ ಎರಡು ತಿಂಗಳ ಮೊದಲು. ಎರಡು ತಿಂಗಳಲ್ಲಿ ಒಂದು ಪ್ರಮಾಣಪತ್ರ ಕೈಗೆ ಬಂದರೆ ಪುಣ್ಯ. ನನ್ನನ್ನು ಕೇಳಿದರೆ, ಕಾರವಾರದ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಆ ಯೋಜನೆಯ ಕಡತ ಬರಬೇಕಾದ್ದು ಮಗುವಿಗೆ 15 ಆದಾಗ: ಕಾಗದ ಪತ್ರ, ಖಾತೆ, ಕಸುಬು, ಜತೆಗೆ ಊರಲ್ಲಿ ಒಬ್ಬರ ಹೆಸರು.

ಆ ಒಬ್ಬರು ಏನು ಮಾಡಬೇಕು ಎಂದು ಕೇಳುವವರಿಗೆ ಚೌತಿಯನ್ನು ನೆನಪಿಸುತ್ತೇನೆ. ಕಾರವಾರ, ಅಂಕೋಲೆಯಲ್ಲಿ ಚೌತಿಯೆಂದರೆ ಮುಂಬೈಯಲ್ಲಿದ್ದವರೂ ಮನೆಗೆ ಬರುವ ಹಬ್ಬ. ಹಾಸ್ಟೆಲಿನ ಅಡುಗೆಮನೆಗೆ ಬೀಗ. ಹೋಗಲು ಮನೆಯಿಲ್ಲದವನನ್ನು ಕರೆಯಿರಿ, ಆದರೆ ಪಾಟು ಹಾಕಿ ಕೂರಿಸಿ ಪಾಯಸ ಬಡಿಸಿ ಫೋಟೋ ತೆಗೆದು ಕಳಿಸಬೇಡಿ. ಹಿಂದಿನ ದಿನವೇ ಕರೆದು, ಏಣಿ ಹತ್ತಿಸಿ, ಗಣಪತಿಯ ಮೇಲೆ ಫಲಾವಳಿ ಕಟ್ಟಲು ಹಚ್ಚಿ. ಕಟ್ಟಿದ ಹಾಗಲಕಾಯಿ ಜಾರಿ ಕೆಳಗೆ ಬಿದ್ದರೆ ಮನೆಯ ಮಕ್ಕಳಿಗೆ ಬೀಳುವ ಬೈಗುಳ ಅವನಿಗೂ ಬೀಳಲಿ.