ಪ್ರತಿಭೆಯೂ ಸಂಗವೂ



ಕಾಯಕದಲ್ಲಿ ಕಣ್ಣಿಗೆ ಕಾಣುವ ಕೈ ಒಂದು. ಅದಕ್ಕೆ ಬಲವನ್ನೀಯುವ ಕೈಗಳು ಹಲವು. ಇದನ್ನು ಬಾಯಲ್ಲಿ ಅಲ್ಲಗಳೆಯುವವರಿಲ್ಲ. ಆದರೆ ಅಂಗಡಿಯಲ್ಲಾಗಲಿ, ಕಾರಖಾನೆಯಲ್ಲಾಗಲಿ, ವಿದ್ಯಾಸಂಸ್ಥೆಯಲ್ಲಾಗಲಿ ಕಾರ್ಯವು ಸುಸೂತ್ರವಾಗಿ ನಡೆದಾಗ ನಾವು ಹೊಗಳುವುದು ಒಂದೇ ಕೈಯನ್ನು. ಕಾರ್ಯವು ಕೆಟ್ಟಾಗಲೂ, “ಎಲ್ಲಿಂದಲಾದರೂ ಒಬ್ಬ ಪ್ರತಿಭಾಶಾಲಿಯನ್ನು ಕರೆತನ್ನಿ, ಎಲ್ಲವೂ ಸರಿಹೋಗುವುದು” ಎನ್ನುತ್ತೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ದಿಟವೆಂಬುದನ್ನು ಅಮೆರಿಕ ದೇಶದ ಕೆಲವು ವಿದ್ವಾಂಸರು ಲೆಕ್ಕವಿಟ್ಟು ಪರೀಕ್ಷಿಸಿದ್ದಾರೆ. ಅವರು ಕಂಡುದನ್ನು ವಿಚಾರಿಸುವುದು ಗೃಹಸ್ಥರಾದ ನಮಗೆ ಲೇಸು.

ಆ ದೇಶದ ವ್ಯಾಪಾರಿಗಳಲ್ಲಿ ಒಂದು ಅಭಿಪ್ರಾಯ ಬಲವಾಗಿ ಹಬ್ಬಿತ್ತು. ಮೆಕಿನ್ಸಿ ಎಂಬ ಸಲಹಾಸಂಸ್ಥೆಯವರು 1997ರಲ್ಲಿ ನಡೆಸಿದ ಅಧ್ಯಯನಕ್ಕೆ ‘ಪ್ರತಿಭೆಗಾಗಿ ಸಮರ’ ಎಂಬ ಅರ್ಥದ ಹೆಸರನ್ನಿಟ್ಟರು. 2001ರಲ್ಲಿ ಅದೇ ಹೆಸರಿನ ಗ್ರಂಥವೂ ಹೊರಬಂದಿತು. ಉತ್ತಮರನ್ನು ಅರಸಿ ತನ್ನಿರಿ, ಅವರಿಗೆ ಕೈತುಂಬ ಕೊಡಿರಿ, ಹಿಂದುಳಿದವರನ್ನು ಬೀಳ್ಕೊಡಿರಿ ಎಂಬುದೇ ಅದರ ಸಾರ. ಈ ದಾರಿಯಲ್ಲಿ ಮುಂದಾಗಿದ್ದ ಕಂಪನಿಗಳಲ್ಲಿ ಎನ್ರಾನ್ ಒಂದು. ಅಲ್ಲಿ ಆರು ತಿಂಗಳಿಗೊಮ್ಮೆ ನೌಕರರನ್ನು ಶ್ರೇಣಿಕಟ್ಟಿ ನಿಲ್ಲಿಸುತ್ತಿದ್ದರು. ಕಡೆಯ ಸಾಲಿನಲ್ಲಿದ್ದವನಿಗೆ ಕೆಲಸ ಹೋಗುವ ಭಯ. 2001ರ ಡಿಸೆಂಬರಿನಲ್ಲಿ ಆ ಕಂಪನಿಯು ದಿವಾಳಿಯಾಯಿತು. ಅದನ್ನು ಕೆಡಿಸಿದುದು ಮುಖ್ಯವಾಗಿ ಲೆಕ್ಕಪತ್ರಗಳ ವಂಚನೆ. ಶ್ರೇಣಿಯ ಪದ್ಧತಿಯೊಂದನ್ನೇ ದೂರುವುದು ನ್ಯಾಯವಲ್ಲ. ಆದರೂ ಜಾಣರು ನೆರೆದ ಮಾತ್ರಕ್ಕೆ ಮನೆ ಉಳಿಯದೆಂಬುದು ಲೋಕಕ್ಕೆ ವಿದಿತವಾಯಿತು.

ಇನ್ನು ಪರೀಕ್ಷೆಯ ಮಾತಿಗೆ ಬರೋಣ. ಹಾರ್ವರ್ಡ್ ವಾಣಿಜ್ಯಶಾಲೆಯ ಬೋರಿಸ್ ಗ್ರಾಯ್ಸ್‌ಬರ್ಗ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ಷೇರುಪೇಟೆಯ ವಿಶ್ಲೇಷಕರಲ್ಲಿ ಅಗ್ರಗಣ್ಯರೆನಿಸಿದ 1,052 ಜನರ ವೃತ್ತಿಯನ್ನು 1988ರಿಂದ 1996ರವರೆಗೆ ಶೋಧಿಸಿ, 2004ರಲ್ಲಿ ಪ್ರಕಟಿಸಿದರು. ಕಂಪನಿಯನ್ನು ಬದಲಿಸಿದವರಲ್ಲಿ ಶೇಕಡ 46 ಮಂದಿ ಮೊದಲ ವರ್ಷದಲ್ಲಿಯೇ ಹಿಂದೆ ಬಿದ್ದರು. ಅವರ ಸಾಧನೆ ಸರಾಸರಿ ಶೇಕಡ 20ರಷ್ಟು ಕುಗ್ಗಿತು. ಐದು ವರ್ಷ ಕಳೆದರೂ ಹಳೆಯ ಮಟ್ಟವನ್ನು ಮುಟ್ಟಲಿಲ್ಲ. ಬುದ್ಧಿ ಅದೇ, ವಿದ್ಯೆ ಅದೇ. ಆದರೆ ಫಲವು ಕಿರಿದು. ಏಕೆ? ಅವರು ಹಿಂದೆ ಬಿಟ್ಟುಬಂದ ಸಹಾಯಕರು, ಪರಸ್ಪರ ತಿಳಿವಳಿಕೆ, ಕೆಲಸದ ಕ್ರಮ ಇವೆಲ್ಲವೂ ಆ ಕೀರ್ತಿಯ ಅಂಗಗಳಾಗಿದ್ದುವು. ತಮ್ಮ ಜೊತೆಗಾರರ ತಂಡದೊಡನೆ ಹೋದವರಲ್ಲಿ ಈ ಕುಂದು ಅಷ್ಟಾಗಿ ಕಾಣಲಿಲ್ಲ.

ಹಣದ ವ್ಯವಹಾರ ಹಾಗಿರಲಿ. ಪ್ರಾಣದ ವಿಷಯದಲ್ಲಿಯೂ ಇದೇ ಮಾತು. ರಾಬರ್ಟ್ ಹಕ್‌ಮನ್ ಮತ್ತು ಗ್ಯಾರಿ ಪಿಸಾನೋ ಎಂಬ ಪಂಡಿತರು ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 1994 ಮತ್ತು 1995ರಲ್ಲಿ ನಡೆದ ಹೃದಯದ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ, ತಮ್ಮ ನಿರ್ಣಯವನ್ನು 2006ರಲ್ಲಿ ಪ್ರಕಟಿಸಿದರು. ಅಲ್ಲಿ ಒಬ್ಬನೇ ವೈದ್ಯನು ಹಲವು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುವುದುಂಟು. ಒಂದು ಆಸ್ಪತ್ರೆಯಲ್ಲಿ ಹೆಚ್ಚು ಹೆಚ್ಚು ಚಿಕಿತ್ಸೆ ಮಾಡಿದಂತೆ ಅಲ್ಲಿಯ ಅವನ ರೋಗಿಗಳು ಹೆಚ್ಚಾಗಿ ಬದುಕಿದರು. ಆದರೆ ಆ ಅಭ್ಯಾಸದ ಫಲವು ಬೇರೊಂದು ಆಸ್ಪತ್ರೆಗೆ ಅವನನ್ನು ಹಿಂಬಾಲಿಸಲಿಲ್ಲ. ಕತ್ತಿ ಹಿಡಿದ ಬೆರಳು ಒಂದೇ. ಎದುರಿಗೆ ನಿಂತ ದಾದಿ, ಅರಿವಳಿಕೆಯ ವೈದ್ಯ, ಸಲಕರಣೆಯ ಕ್ರಮ ಬೇರೆ. ರೋಗಿಯು ಒಬ್ಬ ವೈದ್ಯನಿಗೆ ಕೈಮುಗಿಯುತ್ತಾನೆ. ಅವನ ಪ್ರಾಣವನ್ನು ಉಳಿಸಿದುದು ಒಂದು ಸಂಗ.

ತೋಟಗಾರನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವನು ಸಸಿಯನ್ನು ಕಿತ್ತು ನೆಡುವಾಗ ಬೇರಿಗೆ ಅಂಟಿದ ಮಣ್ಣನ್ನು ಕೊಡವುವುದಿಲ್ಲ. ಮಣ್ಣಿನ ಹೆಂಟೆಯೊಡನೆಯೇ ತಂದು ಇಡುತ್ತಾನೆ, ನೆರಳು ಮಾಡಿ ಕೆಲವು ದಿನ ಕಾಯುತ್ತಾನೆ.

ಹಾಗಾದರೆ ವ್ಯಕ್ತಿಯ ಯೋಗ್ಯತೆಗೆ ಬೆಲೆಯೇ ಇಲ್ಲವೆ ಎಂದು ಕೇಳಬಹುದು. ಅವಶ್ಯವಾಗಿ ಉಂಟು. ಆ ವಿಶ್ಲೇಷಕರ ಜಾಣ್ಮೆ ಸುಳ್ಳಲ್ಲ. ಆ ವೈದ್ಯರ ಹಸ್ತಕೌಶಲವೂ ಸುಳ್ಳಲ್ಲ. ಅದೇ ಶೋಧನೆಯಲ್ಲಿ ಅಗ್ರಗಣ್ಯರಾದ ಸ್ತ್ರೀಯರು ಕಂಪನಿ ಬದಲಿಸಿದರೂ ಬಹುಮಟ್ಟಿಗೆ ಕುಂದಲಿಲ್ಲವೆಂದು ಕಂಡುಬಂದಿತು. ಸಂಸ್ಥೆಯೊಳಗೆ ತಮಗೆ ಆಸರೆ ಕಡಮೆಯಾಗಿದ್ದುದರಿಂದ ಅವರು ಹೊರಗಿನ ಗಿರಾಕಿಗಳೊಡನೆ ಬಾಂಧವ್ಯವನ್ನು ಬೆಳೆಸಿಕೊಂಡಿದ್ದರು. ಅದು ಅವರೊಡನೆಯೇ ಬಂದಿತು. ಅಲ್ಲಿಯೂ ಕಾಪಾಡಿದುದು ಸಂಗವೇ. ಯೋಗ್ಯತೆಯು ಬೀಜ, ಸಂಗವು ನೆಲ. ಬೀಜವಿಲ್ಲದ ನೆಲ ಬಂಜರು, ನೆಲವಿಲ್ಲದ ಬೀಜ ಕಾಳು.

ಶರಣರು ಕಾಯಕದೊಡನೆ ದಾಸೋಹವನ್ನು ಏಕೆ ಕೂಡಿಸಿದರೆಂಬುದು ಇಲ್ಲಿ ತಿಳಿಯುತ್ತದೆ. ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ. ದುಡಿಮೆಯ ಫಲವು ನನ್ನೊಬ್ಬನದಲ್ಲವೆಂಬ ಅರಿವು. ಆ ಅರಿವಿಲ್ಲದ ಕಾಯಕದಲ್ಲಿ ‘ನಾನು’ ಎಂಬುದು ಬೆಳೆಯುತ್ತದೆ. ಶ್ರೇಣಿಕಟ್ಟುವ ಪದ್ಧತಿಯ ಕೇಡು ಇದೇ: ನೆರೆಯವನಿಗೆ ನೆರವಾದರೆ ಅವನು ಮೇಲೇರಿ ನಾನು ಕೆಳಗಿಳಿಯುವೆನೆಂದು ಸಜ್ಜನನೂ ಕೈಕಟ್ಟಿ ಕೂರುವನು. ಮೈಕ್ರೋಸಾಫ್ಟ್ ಕಂಪನಿಯು ಇಂತಹ ಪದ್ಧತಿಯನ್ನು 2013ರಲ್ಲಿ ಕೈಬಿಟ್ಟಿತು.

ಆದುದರಿಂದ ನಾಲ್ಕು ಜನರಿಂದ ಕೆಲಸ ಮಾಡಿಸುವ ಗೃಹಸ್ಥರು ಮೂರು ಮಾತುಗಳನ್ನು ಗಮನಿಸಬೇಕು. ಒಬ್ಬನನ್ನು ಹೊಗಳುವಾಗ ಅವನಿಗೆ ನೆರವಾದವರ ಹೆಸರನ್ನೂ ಸಭೆಯಲ್ಲಿ ಹೇಳಿರಿ. ಹೊಸಬನನ್ನು ಕರೆತಂದಾಗ ಅವನಿಗೆ ಜೊತೆಗಾರರನ್ನೂ ಕಾಲಾವಕಾಶವನ್ನೂ ಕೊಡಿರಿ. ಮೊದಲ ತಿಂಗಳಲ್ಲಿಯೇ ಫಲವನ್ನು ಕೇಳಬೇಡಿರಿ. ಕೆಲಸ ಕೆಟ್ಟಾಗ ಯಾರನ್ನು ತೆಗೆಯಲಿ ಎಂದು ನೋಡುವ ಮೊದಲು, ಕೆಲಸದ ಕ್ರಮದಲ್ಲಿ ಏನು ಕೆಟ್ಟಿದೆಯೆಂದು ನೋಡಿರಿ. ಏಕೆಂದರೆ ನೀವು ತೆಗೆಯುವವನ ಹಿಂದೆ ಒಂದು ಮನೆಯ ಒಲೆಯಿರುತ್ತದೆ. ಪ್ರತಿಭಾಶಾಲಿಗಳಾದ ತರುಣರಿಗೂ ಒಂದು ಮಾತು: ಮೇಲಾದ ಸ್ಥಳವನ್ನರಸಿ ಹೋಗುವುದು ತಪ್ಪಲ್ಲ. ಆದರೆ ಹೋಗುವ ಮುನ್ನ ನಿಮ್ಮ ಕೀರ್ತಿಯಲ್ಲಿ ಯಾರ ಯಾರ ಪಾಲಿದೆಯೆಂದು ಎಣಿಸಿರಿ. ಎಣಿಸಿ, ಅವರ ಬಳಿಗೆ ಹೋಗಿ ಶರಣೆನ್ನಿರಿ.