ಆತಂಕಕ್ಕೂ ಒಂದು ಅಳತೆ

ಮೂರು ತಿಂಗಳ ಬೆಕ್ಕಿನ ಮರಿಯ ಮುಂದೆ ಗರಿ ಕಟ್ಟಿದ ಕೋಲೊಂದನ್ನು ಆಡಿಸಿದರೆ ಸಾಕು, ಮನೆಯೆಲ್ಲ ಅದರದೇ. ಸೋಫಾದಿಂದ ಕಿಟಕಿಗೆ, ಕಿಟಕಿಯಿಂದ ಪರದೆಗೆ, ಪರದೆಯಿಂದ ನಮ್ಮ ಹೆಗಲಿಗೆ. ಹತ್ತು ನಿಮಿಷ ಹೀಗೆ ಕುಣಿದು ನೆಲಕ್ಕೆ ಧೊಪ್ಪನೆ ಬಿದ್ದಾಗ ಕೆಲವು ಮರಿಗಳು ಬಾಯಿ ತೆರೆದು ತೇಕುತ್ತವೆ. ಪುಟ್ಟ ನಾಲಿಗೆ ಹೊರಗಿಣುಕುತ್ತದೆ, ಪಕ್ಕೆಗಳು ತಿದಿಯೊತ್ತಿದಂತೆ ಏರಿಳಿಯುತ್ತವೆ. ನೋಡುತ್ತಿದ್ದವರಲ್ಲಿ ಒಬ್ಬರು ‘ಅಯ್ಯೋ, ಏನೋ ಆಗ್ಬಿಟ್ಟಿದೆ, ಡಾಕ್ಟರ ಹತ್ರ ಹೋಗೋಣ’ ಎಂದು ಎದ್ದೇ ಬಿಡುತ್ತಾರೆ. ಇನ್ನೊಬ್ಬರು ‘ಆಡಿ ಸುಸ್ತಾಗಿದೆ ಬಿಡಿ, ನಾಯಿ ತೇಕಲ್ವಾ?’ ಎಂದು ಟೀವಿಯತ್ತ ತಿರುಗುತ್ತಾರೆ. ಇಬ್ಬರಲ್ಲಿ ಯಾರು ಸರಿ ಎಂಬುದನ್ನು ಆ ಮರಿಯೇ ಹೇಳುತ್ತದೆ. ಅದನ್ನು ಓದಿಕೊಳ್ಳುವ ಕ್ರಮ ನಮಗೆ ಗೊತ್ತಿರಬೇಕು, ಅಷ್ಟೆ.

ಮೊದಲನೆಯದಾಗಿ, ನಾಯಿಯ ಲೆಕ್ಕ ಬೆಕ್ಕಿಗೆ ಹೊಂದುವುದಿಲ್ಲ. ತೇಕುವುದು ನಾಯಿಗೆ ಮೈ ತಣಿಸಿಕೊಳ್ಳುವ ದಿನನಿತ್ಯದ ದಾರಿ. ಬೆಕ್ಕು ಹಾಗಲ್ಲ, ಅದು ಮೂಗಿನಲ್ಲೇ ಉಸಿರಾಡುವ ಪ್ರಾಣಿ. ಸೆಕೆಯಾದರೆ ತಂಪು ನೆಲ ಹುಡುಕಿ ಮೈ ಚಾಚುತ್ತದೆ. ಮೈಯನ್ನು ನೆಕ್ಕಿಕೊಳ್ಳುತ್ತದೆ, ಆ ತೇವ ಆರುವಾಗ ಅದಕ್ಕೆ ತಂಪು. ಬೆವರುವುದೇನಿದ್ದರೂ ಅಂಗಾಲಿನಲ್ಲಿ. ಅಂಥದ್ದು ಬಾಯಿ ತೆರೆಯಿತೆಂದರೆ ಮೂಗಿನ ಉಸಿರು ಸಾಲುತ್ತಿಲ್ಲ, ಇಲ್ಲವೇ ಮೈ ಕಾದಿದೆ, ಇಲ್ಲವೇ ಬಹಳ ಹೆದರಿದೆ. ಬುಟ್ಟಿಯಲ್ಲಿಟ್ಟು ಆಟೋದಲ್ಲಿ ಕರೆದೊಯ್ಯುವಾಗ ದೊಡ್ಡ ಬೆಕ್ಕುಗಳೂ ತೇಕುವುದು ಈ ಹೆದರಿಕೆಯಿಂದಲೇ.

ಮರಿಗಳಿಗೆ ತುಸು ವಿನಾಯಿತಿ ಉಂಟು. ಹುಟ್ಟಿದ ನಾಲ್ಕು ವಾರಕ್ಕೆ ಶುರುವಾಗುವ ಅವುಗಳ ಆಟ ಮೂರು ನಾಲ್ಕು ತಿಂಗಳ ಹೊತ್ತಿಗೆ ತಾರಕಕ್ಕೇರುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಮಾತ್ರ ಇನ್ನೂ ತಿಳಿದಿರುವುದಿಲ್ಲ. ಬೆಕ್ಕಿನ ಮೈ ಹೊಂಚು ಹಾಕಿ ಒಮ್ಮೆಗೇ ಎಗರುವುದಕ್ಕೆ ಹೇಳಿ ಮಾಡಿಸಿದ್ದು, ದೂರದವರೆಗೆ ಅಟ್ಟಿಸಿಕೊಂಡು ಹೋಗುವುದಕ್ಕಲ್ಲ. ಬೇಟೆ ಸಿಕ್ಕರೆ ಸಿಕ್ಕಿತು, ತಪ್ಪಿದರೆ ಕೂತು ಮೈ ನೆಕ್ಕಿಕೊಳ್ಳುತ್ತದೆ. ಗೋಡೆಯ ಮೇಲೆ ಲೇಸರ್ ಲೈಟು ಬಿಟ್ಟು ಮರಿಯನ್ನು ಓಡಿಸುವಾಗ ನಾವು ಈ ಲೆಕ್ಕವನ್ನು ಕೆಡಿಸುತ್ತೇವೆ. ಬೆಳಕಿನ ಚುಕ್ಕಿ ಎಂದೂ ಕೈಗೆ ಸಿಗದು, ಆದ್ದರಿಂದ ಆಟ ಮುಗಿಯದು. ಎರಡು ಮೂರು ನಿಮಿಷಕ್ಕೊಮ್ಮೆ ಬಿಡುವು ಕೊಟ್ಟು, ಕೊನೆಗೆ ಹಿಡಿಯಲು ಒಂದು ಆಟಿಕೆಯನ್ನೂ ತಿನ್ನಲು ಒಂದು ತುತ್ತನ್ನೂ ಕೊಡುವುದು ಮರಿಯ ಸ್ವಭಾವಕ್ಕೆ ಒಪ್ಪುವ ಆಟ.

ಹಾರಿ ಕುಣಿದ ಮೇಲೆ ಅಪರೂಪಕ್ಕೊಮ್ಮೆ ತೇಕಿ, ಆಟ ನಿಲ್ಲಿಸಿದ ಒಂದೆರಡು ನಿಮಿಷದಲ್ಲಿ ಬಾಯಿ ತಾನಾಗಿ ಮುಚ್ಚಿಕೊಂಡರೆ, ಒಸಡು ನಸುಗೆಂಪಾಗಿಯೇ ಇದ್ದರೆ, ಮತ್ತೆ ಕಿವಿ ನೆಟ್ಟಗಾಗಿ ನೀರಿನ ಬಟ್ಟಲ ಕಡೆ ನಡೆದರೆ ಗಾಬರಿ ಬೇಡ. ಆದರೂ ಮುಂದಿನ ಲಸಿಕೆಗೆ ಹೋದಾಗ ವೈದ್ಯರ ಕಿವಿಗೆ ಈ ವಿಷಯ ಹಾಕಿ. ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸಿದರೆ ನಮಗೆ ಕಾಣದ್ದು ಅವರಿಗೆ ಕೇಳಿಸಬಹುದು.

ಗಾಬರಿಯಾಗಬೇಕಾದ ಲಕ್ಷಣಗಳು ಬೇರೆ. ಸುಮ್ಮನೆ ಮಲಗಿರುವಾಗಲೇ ಬಾಯಿ ತೆರೆದು ಉಸಿರಾಡುವುದು, ಐದು ನಿಮಿಷವಾದರೂ ಏದುಸಿರು ಇಳಿಯದಿರುವುದು, ಮೊದಲು ಅರ್ಧ ಗಂಟೆ ಆಡುತ್ತಿದ್ದುದು ಈಗ ನಾಲ್ಕು ಹೆಜ್ಜೆಗೇ ತೇಕುವುದು, ಒಡಹುಟ್ಟಿದ ಮರಿಗಳಿಗಿಂತ ಬೆಳವಣಿಗೆಯಲ್ಲಿ ಹಿಂದುಳಿಯುವುದು, ಊಟ ಬಿಡುವುದು. ಕತ್ತು ಮುಂದೆ ಚಾಚಿ, ಮೊಣಕೈ ಅಗಲಿಸಿ, ಹೊಟ್ಟೆ ಎಳೆದೆಳೆದು ಉಸಿರಾಡುತ್ತ ಕುಳಿತಿದ್ದರೆ, ಒಸಡು ಬಿಳಿಚಿದ್ದರೆ ಅಥವಾ ನೀಲಿಗೆ ತಿರುಗಿದ್ದರೆ ನಾಳೆ ನೋಡೋಣ ಎನ್ನುವಂತಿಲ್ಲ. ಆ ಕ್ಷಣವೇ ಹೊರಡಬೇಕು.

ಹಿಂದಿರುವ ಕಾರಣಗಳು ಹಲವು. ಕೆಲವು ಮರಿಗಳಿಗೆ ಹುಟ್ಟುವಾಗಲೇ ಹೃದಯದ ಗೋಡೆಯಲ್ಲಿ ರಂಧ್ರವಿರುತ್ತದೆ. ಇನ್ನು ಕೆಲವಕ್ಕೆ ಬೆಳೆಯುತ್ತ ಹೃದಯದ ಸ್ನಾಯು ದಪ್ಪಗಟ್ಟುವ ರೋಗ. ಮೇಯ್ನ್ ಕೂನ್ ತಳಿಯಲ್ಲಿ ಇದಕ್ಕೆ ಕಾರಣವಾಗುವ ಜೀನ್ ದೋಷವನ್ನು ವಿಜ್ಞಾನಿಗಳು 2005ರಲ್ಲಿ ಗುರುತಿಸಿದರು, ಆದರೆ ಬೀದಿಯ ಬೆಕ್ಕಿಗೂ ಈ ರೋಗ ತಪ್ಪಿದ್ದಲ್ಲ. ಚಪ್ಪಟೆ ಮುಖದ ಪರ್ಷಿಯನ್ ಮರಿಗೆ ಇಕ್ಕಟ್ಟಾದ ಮೂಗೇ ಶತ್ರು. ನೆಗಡಿಯಿಂದ ಮೂಗು ಕಟ್ಟಿದರೂ ಬಾಯಿ ತೆರೆಯುತ್ತದೆ. ಅಸ್ತಮಾ ಇರುವ ಬೆಕ್ಕಿಗೆ ನಮ್ಮ ಊದುಬತ್ತಿ, ಸೊಳ್ಳೆಬತ್ತಿಯ ಹೊಗೆಯೇ ಸಾಕು. ಅದು ನೆಲಕ್ಕೆ ಕುಕ್ಕರಿಸಿ ಕೆಮ್ಮುವುದನ್ನು ಹೊಟ್ಟೆಯಲ್ಲಿನ ಕೂದಲುಂಡೆ ಕಕ್ಕುತ್ತಿದೆ ಎಂದು ಎಷ್ಟೋ ಮಂದಿ ತಿಳಿಯುತ್ತಾರೆ. ಬಾಲ್ಕನಿಯಿಂದ ಬಿದ್ದ ಮರಿ ಹೊರನೋಟಕ್ಕೆ ಸರಿಯಾಗಿದ್ದರೂ ಎದೆ ಮತ್ತು ಹೊಟ್ಟೆಯ ನಡುವಿನ ಪರದೆ ಒಳಗೇ ಹರಿದಿರಬಹುದು.

ಮೋರಿಯ ಪಕ್ಕದಿಂದ ಎತ್ತಿ ತಂದ ಮರಿಯಾದರೆ ಮೊದಲು ನೋಡಬೇಕಾದದ್ದು ಚಿಗಟ. ಅಂಗೈಯಗಲದ ಮರಿಯ ಮೈತುಂಬ ಚಿಗಟವಿದ್ದು, ಕರುಳಿನಲ್ಲಿ ಕೊಕ್ಕೆಹುಳವೂ ಸೇರಿಕೊಂಡರೆ ಮೈಯ ರಕ್ತವೇ ಬತ್ತುತ್ತದೆ. ಉಸಿರು ಒಳಗೆ ಹೋದರೂ ಅದನ್ನು ಹೊತ್ತೊಯ್ಯಲು ರಕ್ತವಿಲ್ಲ, ಹಾಗಾಗಿ ಏದುಸಿರು. ಬಿಳಿಚಿದ ಒಸಡು ಅದರ ಗುರುತು. ಜ್ವರ ಇರಬಹುದೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಚೂರು ಹಾಕುವ ಧೈರ್ಯವನ್ನಂತೂ ಯಾರೂ ಮಾಡಬಾರದು. ಬೆಕ್ಕಿನ ಯಕೃತ್ತು ಆ ಔಷಧವನ್ನು ಅರಗಿಸಲಾರದು, ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ. ಒಂದು ಮಾತ್ರೆ ಜೀವ ತೆಗೆಯಬಲ್ಲದು.

ಮರಿ ತೇಕುತ್ತಿರುವಾಗ ಮಾಡಬೇಕಾದ್ದು ಕಡಿಮೆ, ಮಾಡದೆ ಇರಬೇಕಾದ್ದೇ ಹೆಚ್ಚು. ಆಟ ನಿಲ್ಲಿಸಿ, ತಂಪಾದ ಕಡೆ ಬಿಡಿ, ಪಕ್ಕದಲ್ಲಿ ನೀರಿಡಿ. ಎತ್ತಿ ಎದೆಗವಚಿಕೊಳ್ಳಬೇಡಿ, ಮಕ್ಕಳು ಸುತ್ತುವರಿಯದಿರಲಿ. ಬಾಯಿಗೆ ನೀರು ಹುಯ್ಯಲೇಬಾರದು, ಅದು ಶ್ವಾಸಕೋಶಕ್ಕೆ ಇಳಿದೀತು. ಏಪ್ರಿಲ್ ಬಿಸಿಲಲ್ಲಿ ಶೀಟಿನ ಮನೆಯೊಳಗೋ ಮುಚ್ಚಿದ ಕಾರಿನಲ್ಲೋ ಸಿಕ್ಕಿಕೊಂಡು ಮೈ ಕಾದಿದ್ದರೆ ಸಾಧಾರಣ ತಣ್ಣೀರಿನಿಂದ ಮೈ ಒದ್ದೆ ಮಾಡಿ ಫ್ಯಾನ್ ಹಾಕಿ, ಐಸ್ ನೀರು ಬೇಡ. ಬೆಕ್ಕಿನ ಸಹಜ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು, 40 ದಾಟಿದರೆ ಅಪಾಯ ಹತ್ತಿರವಾದಂತೆ. ಸಾಧ್ಯವಾದರೆ ಮೊಬೈಲಿನಲ್ಲಿ ಅರ್ಧ ನಿಮಿಷ ಚಿತ್ರೀಕರಿಸಿಕೊಳ್ಳಿ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಲಕ್ಷಣ ಮಾಯವಾಗಿದ್ದರೂ ವೈದ್ಯರಿಗೆ ನೋಡಲು ಏನಾದರೂ ಉಳಿದಿರುತ್ತದೆ.

ನಮ್ಮ ಹಳ್ಳಿಗಳಲ್ಲಿ ಹಸು ಕಟ್ಟಿದವರಿಗೆ ಥರ್ಮಾಮೀಟರ್ ಇಲ್ಲದೆಯೂ ಕಾಯಿಲೆ ತಿಳಿಯುತ್ತಿತ್ತು. ಮೆಲುಕು ಹಾಕುತ್ತಿಲ್ಲ, ಮೂತಿ ಒಣಗಿದೆ ಎಂದರೆ ಮುಗಿಯಿತು, ಅಂದೇ ದನದ ಆಸ್ಪತ್ರೆಗೆ ನಡೆಸಿಕೊಂಡು ಹೋಗುತ್ತಿದ್ದರು. ಇಲಿ ಹಿಡಿಯಲೆಂದು ಒಳಗೆ ಬಿಟ್ಟುಕೊಂಡ ಬೆಕ್ಕಿಗೆ ಅಂಥ ನಿಗಾ ಸಿಗಲಿಲ್ಲ. ಇದ್ದರೆ ಇತ್ತು, ಕಾಣದಾದರೆ ಎಲ್ಲೋ ಹೋಯಿತು. ಬೆಕ್ಕಿನ ಸ್ವಭಾವವೂ ಅದಕ್ಕೆ ತಕ್ಕಂತೆಯೇ ಇದೆ. ಅದು ಚಿಕ್ಕ ಪ್ರಾಣಿಗಳಿಗೆ ಬೇಟೆಗಾರ, ದೊಡ್ಡವಕ್ಕೆ ತಾನೇ ಬೇಟೆ. ಹಾಗಾಗಿ ನೋವನ್ನು ಮುಚ್ಚಿಡುವುದನ್ನು ರಕ್ತದಲ್ಲೇ ಕಲಿತಿದೆ. ಕುಳಿತಲ್ಲೇ ತೇಕಲು ತೊಡಗಿತೆಂದರೆ ಮುಚ್ಚಿಡುವ ಶಕ್ತಿಯೂ ಮುಗಿಯಿತೆಂದೇ ತಿಳಿಯಬೇಕು.

ಮೆಲುಕಿನಂಥದ್ದೇ ಒಂದು ಅಳತೆ ಬೆಕ್ಕಿಗೂ ಇದೆ: ನಿದ್ದೆಯ ಉಸಿರು. ಮರಿ ಗಾಢವಾಗಿ ಮಲಗಿರುವಾಗ, ಗುರುಗುಟ್ಟದೆ ಇರುವಾಗ, ಕನಸಿನಲ್ಲಿ ಕಾಲು ಅದುರಿಸದೆ ಇರುವಾಗ ಪಕ್ಕೆಯ ಮೇಲೆ ಕಣ್ಣಿಡಿ. ಒಮ್ಮೆ ಏರಿ ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಆರೋಗ್ಯವಂತ ಬೆಕ್ಕಿಗೆ ಇದು ಸಾಮಾನ್ಯವಾಗಿ ನಿಮಿಷಕ್ಕೆ 30ರ ಒಳಗೇ ಇರುತ್ತದೆ, ಎಳೆಯ ಮರಿಗೆ ತುಸು ಹೆಚ್ಚಿರಬಹುದು. ನಾಲ್ಕಾರು ದಿನ ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ನಿಮ್ಮ ಮರಿಯ ವಾಡಿಕೆಯ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ವೈದ್ಯರಿಗೆ ಫೋನು ಮಾಡಿ. ನಿದ್ದೆಯಲ್ಲೂ 40 ದಾಟುತ್ತಲೇ ಇದ್ದರೆ ಫೋನಿಗೆ ನಿಲ್ಲಬೇಡಿ, ಕರೆದೊಯ್ಯಿರಿ.

ಮೊದಲು ಹೇಳಿದ ಇಬ್ಬರೂ ಮರಿಯನ್ನು ಪ್ರೀತಿಸುವವರೇ. ಗಾಬರಿಯಾದವರು ತಮ್ಮ ಭಯವನ್ನು ನೋಡಿದರು, ಟೀವಿಯತ್ತ ತಿರುಗಿದವರು ತಮ್ಮ ನೆಮ್ಮದಿಯನ್ನು ನೋಡಿಕೊಂಡರು. ಮರಿಯನ್ನು ನೋಡುವ ಕೆಲಸ ಹಾಗೇ ಉಳಿಯಿತು. ಮಾತು ಬಾರದ ಮಗುವಿನ ವಿಷಯದಲ್ಲಿ, ‘ನನಗೇನೂ ಇಲ್ಲ’ ಎನ್ನುವ ಮನೆಯ ಹಿರಿಯರ ವಿಷಯದಲ್ಲಿ ಆಗುವುದೂ ಬಹುಮಟ್ಟಿಗೆ ಇದೇ. ಜೊತೆಗಿರುವವರ ಎಂದಿನ ನಡೆ, ಎಂದಿನ ಊಟ, ಎಂದಿನ ಉಸಿರು ನಮಗೆ ಗೊತ್ತಿದ್ದರೆ ಮಾತ್ರ ಅದು ತಪ್ಪಿದ ದಿನ ಕಣ್ಣಿಗೆ ಬೀಳುತ್ತದೆ. ಗೊತ್ತಿಲ್ಲದವರಿಗೆ ಎಲ್ಲವೂ ಭಯ, ಇಲ್ಲವೇ ಯಾವುದೂ ಲೆಕ್ಕಕ್ಕಿಲ್ಲ. ಆರೋಗ್ಯವಾಗಿರುವಾಗ ದಿನಕ್ಕೆ ಅರ್ಧ ನಿಮಿಷ ನೋಡುವ ಅಭ್ಯಾಸ, ಕಾಯಿಲೆಯಾದಾಗ ರಾತ್ರಿಯಿಡೀ ಕೂತು ಅಳುವುದಕ್ಕಿಂತ ದೊಡ್ಡ ಪ್ರೀತಿ.