ಹಾಡಿಗೆ ಅಂಗಿ ಹೊಲಿಸಿದವರು

2008ರ ಬೇಸಿಗೆಯಲ್ಲಿ ಆಮ್ಸ್ಟರ್‌ಡ್ಯಾಂನ ಅಯಾಕ್ಸ್ ಫುಟ್‌ಬಾಲ್ ತಂಡ ವೇಲ್ಸ್‌ನ ಕಾರ್ಡಿಫ್‌ಗೆ ಸ್ನೇಹಪಂದ್ಯ ಆಡಲು ಹೋಗಿತ್ತು. ಪಂದ್ಯ ಮುಗಿದ ಮೇಲೆ ಅಯಾಕ್ಸ್ ಅಭಿಮಾನಿಗಳನ್ನು ಹೊರಗೆ ಬಿಡದೆ ನಿನಿಯನ್ ಪಾರ್ಕ್ ಮೈದಾನದ ಸ್ಟ್ಯಾಂಡಿನಲ್ಲೇ ಕಾಯಿಸಿದರು. ಬೇಸತ್ತು ನಿಂತ ಆ ಜನರಿಗಾಗಿ ಅಲ್ಲಿನ ಡಿಜೆ ಬಾಬ್ ಮಾರ್ಲಿಯ 'ಥ್ರೀ ಲಿಟಲ್ ಬರ್ಡ್ಸ್' ಹಾಕಿದ. ಅವರೆಲ್ಲ ದನಿಗೂಡಿಸಿದರು, ಹಾಡನ್ನು ಊರಿಗೆ ತಂದರು, ಅದು ಅಯಾಕ್ಸ್ ಮೈದಾನದ ಹಾಡೇ ಆಯಿತು. 1977ರಲ್ಲಿ ಬಂದ, ಜಮೈಕಾದ ರಾಸ್ತಫಾರಿ ಪಂಥದ ಗಾಯಕನೊಬ್ಬನ ಹಾಡು ಡಚ್ಚರ ಬಾಯಿಗೆ ಬಂದದ್ದು ಹೀಗೆ. ಇದರಲ್ಲಿ ಯಾವ ಕಂಪನಿಯ ಕೈಯೂ ಇರಲಿಲ್ಲ.

ಕಂಪನಿ ಬಂದದ್ದು 2021ರಲ್ಲಿ. ಮಾರ್ಲಿ ಕುಟುಂಬದ ಜೊತೆ ಸೇರಿ ಅಡಿಡಾಸ್ ಅಯಾಕ್ಸ್ ತಂಡದ ಆ ವರ್ಷದ ಮೂರನೆಯ ಜೆರ್ಸಿಯನ್ನು ಹೊರತಂದಿತು. ಕಪ್ಪು ಬಟ್ಟೆ, ಅಂಚುಗಳಲ್ಲಿ ರಾಸ್ತಫಾರಿಗಳ ಕೆಂಪು, ಹಳದಿ, ಹಸಿರು. ಬೆನ್ನ ಮೇಲೆ, ಕಾಲರಿನ ಕೆಳಗೆ, ಆಮ್ಸ್ಟರ್‌ಡ್ಯಾಂ ನಗರಲಾಂಛನದ ಮೂರು ಶಿಲುಬೆಗಳ ಮೇಲೆ ಮೂರು ಪುಟ್ಟ ಹಕ್ಕಿಗಳು. ನಾವಿರುವ ಆಮ್ಸ್ಟೆಲ್‌ವೇನ್‌ನಿಂದ ಅಯಾಕ್ಸ್ ಮೈದಾನ ದೂರವಿಲ್ಲ. ನನ್ನ ಮಗನ ಶಾಲೆಯಲ್ಲಿ ಎಲ್ಲರ ಮೈಮೇಲೂ ಅದೇ ಅಂಗಿ, ಅವನಿಗೂ ಬೇಕಾಯಿತು. ಕೊಡಿಸಿದೆ. ಚೆಂದದ ಅಂಗಿ ಅದು, ಪ್ರೀತಿಯಿಂದ ಮಾಡಿದ್ದು ಎಂದು ನೋಡಿದರೇ ತಿಳಿಯುತ್ತದೆ. ಆದರೂ ಇಸ್ತ್ರಿ ಮಾಡುವಾಗಲೆಲ್ಲ ನನಗೆ ಒಂದೇ ಪ್ರಶ್ನೆ. ಒಬ್ಬನ ಶ್ರದ್ಧೆಯ ಗುರುತನ್ನು ಇನ್ನೊಬ್ಬರು ಮಾರಬಹುದೇ? ಅದಕ್ಕೆ ಒಪ್ಪಿಗೆ ಕೊಡುವ ಹಕ್ಕು ಯಾರದು?

ಮಾರ್ಲಿ ಫುಟ್‌ಬಾಲ್ ಹುಚ್ಚಿನ ಮನುಷ್ಯ. ಇದೇ ಕಂಪನಿಯ ಮೂರು ಪಟ್ಟೆಯ ಉಡುಪು ತೊಟ್ಟ ಅವನ ಫೋಟೋಗಳಿವೆ. ಆದ್ದರಿಂದ ಈ ನಂಟು ಸುಳ್ಳಲ್ಲ. ಆದರೆ ಅವನಿಗೆ ಆಟವೂ ಧರ್ಮವೂ ಒಂದೇ ದೇಹದಲ್ಲಿದ್ದವು. 1977ರಲ್ಲಿ ಆಡುವಾಗ ಪೆಟ್ಟಾದ ಕಾಲ್ಬೆರಳಿನಲ್ಲಿ ಕ್ಯಾನ್ಸರ್ ಕಂಡಿತು. ಬೆರಳು ತೆಗೆಯಬೇಕೆಂದಾಗ ಅವನು ಒಪ್ಪಲಿಲ್ಲ. ದೇಹವನ್ನು ಅಖಂಡವಾಗಿ ಉಳಿಸಿಕೊಳ್ಳಬೇಕೆಂಬ ರಾಸ್ತಫಾರಿ ನಂಬಿಕೆಯೇ ಅದಕ್ಕೆ ಮುಖ್ಯ ಕಾರಣ ಎನ್ನುತ್ತಾರೆ. 1981ರ ಮೇ 11ರಂದು, 36ನೆಯ ವಯಸ್ಸಿನಲ್ಲಿ ತೀರಿಕೊಂಡ. ಆ ನಿರ್ಧಾರ ಸರಿಯೋ ತಪ್ಪೋ, ನಾನು ತೂಗಲಾರೆ. ನಂಬಿಕೆಗೆ ಅವನು ತೆತ್ತ ಬೆಲೆ ಅಷ್ಟು ಎಂಬುದಂತೂ ಕಣ್ಣಿಗೆ ಕಾಣುತ್ತದೆ.

ಆ ಬಣ್ಣಗಳಿಗೆ ಬೆಲೆ ತೆತ್ತವನು ಅವನೊಬ್ಬನೇ ಅಲ್ಲ. ಕೆಂಪು, ಹಳದಿ, ಹಸಿರು ಇಥಿಯೋಪಿಯಾದ ಧ್ವಜದ ಬಣ್ಣಗಳು. 1930ರಲ್ಲಿ ಅಲ್ಲಿ ಹೈಲೆ ಸೆಲಾಸಿಗೆ ಪಟ್ಟವಾದಾಗ ಜಮೈಕಾದ ಬಡ ಕರಿಯರಲ್ಲಿ ಕೆಲವರು ಅವನಲ್ಲೇ ದೈವವನ್ನು ಕಂಡರು. ಅವರೇ ರಾಸ್ತಫಾರಿಗಳು, ರಾಸ್ತಗಳು. ಜಡೆಗಟ್ಟಿದ ಕೂದಲನ್ನು ಕತ್ತರಿಸದಿರುವುದು ಅವರ ವ್ರತ. ಹಣ ಮತ್ತು ಅಧಿಕಾರದ ಪ್ರಪಂಚವನ್ನು ಅವರು ಬ್ಯಾಬಿಲಾನ್ ಎಂದು ಕರೆದು ದೂರವಿಟ್ಟರು. 1963ರ ಏಪ್ರಿಲ್‌ನಲ್ಲಿ, ಮಾಂಟೆಗೋ ಬೇ ಹತ್ತಿರದ ಕೋರಲ್ ಗಾರ್ಡನ್ಸ್ ಗಲಭೆಯ ನೆಪದಲ್ಲಿ, ಪೊಲೀಸರು ಸಿಕ್ಕ ಸಿಕ್ಕ ರಾಸ್ತಗಳನ್ನು ಹಿಡಿದು ಬಡಿದರು, ಜೈಲಿಗೆ ಹಾಕಿದರು, ಬಲವಂತವಾಗಿ ತಲೆ ಬೋಳಿಸಿದರು. ಜಮೈಕಾದ ಪ್ರಧಾನಿ ಅದಕ್ಕೆ ಕ್ಷಮೆ ಕೇಳಿದ್ದು 2017ರಲ್ಲಿ. ಐವತ್ನಾಲ್ಕು ವರ್ಷ! ಅದಾಗಿ ನಾಲ್ಕೇ ವರ್ಷಕ್ಕೆ ಅದೇ ಬಣ್ಣ ಯುರೋಪಿನ ಅಂಗಡಿಗಳಲ್ಲಿ ತೂಗಾಡಿತು.

ಇದನ್ನು 1986ರ ನ್ಯೂಯಾರ್ಕಿನ ಪಕ್ಕ ಇಟ್ಟು ನೋಡುತ್ತೇನೆ. ಕ್ವೀನ್ಸ್‌ನ ಹಾಲಿಸ್ ಬಡಾವಣೆಯ ರನ್-ಡಿಎಂಸಿ ಎಂಬ ರ‍್ಯಾಪ್ ತಂಡದ ಹುಡುಗರು ಲೇಸಿಲ್ಲದ ಅಡಿಡಾಸ್ ಶೂ ತಾವೇ ಹಾಕಿಕೊಂಡು ಓಡಾಡುತ್ತಿದ್ದರು. ಆ ಶೂ ಮೇಲೆ ತಾವೇ ಹಾಡು ಕಟ್ಟಿದರು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಶೂ ಎತ್ತಿ ತೋರಿಸಿ ಎಂದಾಗ ಜನಸಾಗರವೇ ಶೂ ಎತ್ತಿತು. ಕಂಪನಿಯವರು ಅದನ್ನು ಕಣ್ಣಾರೆ ಕಂಡ ಮೇಲೆ ಒಪ್ಪಂದವಾಯಿತು. ಅದರಲ್ಲಿ ನನಗೆ ತಕರಾರಿಲ್ಲ. ಹಾಡಿದವರು ಬದುಕಿದ್ದರು, ಎದುರು ಕೂತು ಮಾತಾಡಿದರು, ಮಾರಿದ್ದು ತಮ್ಮದೇ ಬೀದಿಯ ಠೀವಿಯನ್ನು. ಮಾರ್ಲಿಯ ಅಂಗಿಯಲ್ಲಿ ಇರುವುದು ಒಂದು ಸಮುದಾಯದ ವ್ರತ. ಹಾಡಿನ ಹಕ್ಕು ಮಕ್ಕಳಿಗೆ ಬರುತ್ತದೆ, ಹೆಸರೂ ಬರುತ್ತದೆ. ವ್ರತದ ಮೇಲೆ ವಾರಸುದಾರಿಕೆ ಹೇಗೆ ಬಂದೀತು? ಕುಟುಂಬ ಒಪ್ಪಿದ್ದರಲ್ಲಿ ನಾನು ತಪ್ಪು ಕಾಣುತ್ತಿಲ್ಲ. ಅವರ ಒಪ್ಪಿಗೆ ಅಷ್ಟು ಭಾರ ಹೊರಲಾರದು ಎನ್ನುತ್ತಿದ್ದೇನೆ.

ನನ್ನ ಅಪ್ಪ ಶಿಗ್ಗಾವಿ ಕಡೆಯವರು, ಶಿಶುನಾಳ ಶರೀಫರ ತತ್ವಪದ ಹಾಡುವವರು. ಯಾರದಾದರೂ ಮನೆಯಲ್ಲಿ ಸಾವಾದರೆ ಏಕತಾರಿ, ದಮ್ಮಡಿ, ತಾಳ ಹಿಡಿದು ಮೇಳದವರೊಂದಿಗೆ ಹೋಗಿ ಬೆಳಗಿನ ತನಕ ಹೆಣದ ಮುಂದೆ ಕೂತು ಹಾಡುತ್ತಾರೆ. ಚಹಾ ಕುಡಿಯುತ್ತಾರೆ, ದುಡ್ಡು ಮುಟ್ಟುವುದಿಲ್ಲ. ಅವರಿಗೆ ಫೋನಿನಲ್ಲಿ ಈ ಅಂಗಿಯ ಕಥೆ ಹೇಳಿದೆ. ಕಾರ್ಡಿಫ್‌ನ ಭಾಗ ಕೇಳಿ ಅವರಿಗೆ ಖುಷಿಯೋ ಖುಷಿ. "ಚಲೋ ಆತಲ್ಲವಾ, ಬ್ಯಾಸರಾದವ್ರಿಗೆ ಹಾಡು ಸಿಕ್ತು. ಶರೀಫಜ್ಜಂದು ಹಂಗ ಅಲ್ಲೇನು, ಯಾರು ಹಾಡಿದ್ರೂ ಅವ್ರದ." ಅಂಗಿಯ ವಿಷಯಕ್ಕೆ ಬಂದಾಗ ಸ್ವಲ್ಪ ತಡೆದು, "ಅಂಗಿ ರೊಕ್ಕಾ ಕೊಟ್ಟವ್ರಿಗಷ್ಟ ಸಿಗತೈತಲ್ಲ" ಎಂದರು.

ಅಪ್ಪ ತೋರಿಸಿದ ಈ ಭೇದ ನನಗೆ ತುಂಬ ಮುಖ್ಯ. ಭಕ್ತಿಯ ಹಾಡು ಬೇರೆ ಧರ್ಮದವರ, ಬೇರೆ ದೇಶದವರ ಬಾಯಿಗೆ ಬಿದ್ದರೆ ಕೆಡುವುದಿಲ್ಲ, ಹಂಚಿದಷ್ಟೂ ಬೆಳೆಯುತ್ತದೆ. ಸ್ಟ್ಯಾಂಡಿನಲ್ಲಿ ನಿಂತು ಹಾಡಿದ ಡಚ್ಚರು ಯಾರಿಂದಲೂ ಏನನ್ನೂ ಕಸಿಯಲಿಲ್ಲ. ಅದೇ ಹಾಡು ಸರಕಾದಾಗ ಅದಕ್ಕೆ ಒಬ್ಬ ಒಡೆಯ ಬೇಕಾಗುತ್ತಾನೆ, ಉಳಿದವರೆಲ್ಲ ಗಿರಾಕಿಗಳಾಗುತ್ತಾರೆ.

ಅಂಗಿಯ ಆ ಮೂರು ಹಕ್ಕಿಗಳಿಗೆ ಮುಂದೆ ಆದದ್ದು ಇದನ್ನೇ ತೋರಿಸುತ್ತದೆ. ಯುರೋಪಿಯನ್ ಪಂದ್ಯಗಳಲ್ಲಿ ಖಂಡದ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ಅವಕ್ಕೆ ಅವಕಾಶ ಕೊಡಲಿಲ್ಲ. ಅಂಗಿಯ ಮೇಲೆ ಕ್ಲಬ್ಬಿನ ಲಾಂಛನ, ತಯಾರಕರ ಗುರುತು, ಪ್ರಾಯೋಜಕರ ಹೆಸರು ಇರಬಹುದು, ಅದು ನಿಯಮ. ಆಟಗಾರರು ಹಕ್ಕಿಗಳಿಲ್ಲದ ಅಂಗಿ ತೊಟ್ಟು ಆಡಿದರು. ಎದೆಯ ಮೇಲಿನ ಜಾಹೀರಾತಿಗೆ ಜಾಗವಿತ್ತು. ರಾಸ್ತಗಳು ಬ್ಯಾಬಿಲಾನ್ ಎಂದದ್ದು ಯಾವುದನ್ನು ಎಂದು ನನಗೆ ಅಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿರಲಿಲ್ಲ.

ಹಾಗೆಂದು ಮಗನ ಅಂಗಿಯನ್ನು ಕಿತ್ತಿಡಲಿಲ್ಲ. ಕೋರಲ್ ಗಾರ್ಡನ್ಸ್ ಕಥೆ ಹೇಳಿದೆ, ಕೂದಲಿನ ವ್ರತದ ಬಗ್ಗೆ ಹೇಳಿದೆ, ಅವನು ಗೆಳೆಯರಿಗೆ ಹೇಳಿದ. ಕಂಪನಿಗಳಿಂದ ನಾನು ಬಯಸುವುದು ಇದಕ್ಕಿಂತ ಕಷ್ಟದ್ದು. ನಿಜವಾದ ಸಂಸ್ಕೃತಿ ಬೇಕೆನ್ನುವವರು ವಕೀಲರ ಕಚೇರಿಗೆ ಹೋಗುವ ಮೊದಲು ಆ ಬಣ್ಣವನ್ನು ಇಂದಿಗೂ ವ್ರತವಾಗಿ ಹೊತ್ತಿರುವ ಜಮೈಕಾದ ಹಿರಿಯರ ಬಳಿ ಹೋಗಿ ಕೂರಬೇಕು. ಕೋರಲ್ ಗಾರ್ಡನ್ಸ್‌ನಲ್ಲಿ ಪೆಟ್ಟು ತಿಂದವರ ಮನೆಗಳಿಗೆ ಲಾಭದಲ್ಲಿ ಪಾಲು ಹೋಗಬೇಕು. ಅವರು ಬೇಡ ಎಂದರೆ ಆ ಅಂಗಿಯನ್ನು ಹೊಲಿಯಬಾರದು. ಅಂಗಿ ಇಲ್ಲದೆಯೂ ಅಯಾಕ್ಸ್ ಜನ ಹದಿಮೂರು ವರ್ಷ ಹಾಡಿದ್ದರಲ್ಲ.